ಬಿಚ್ಚದ ಬೋಲ್ಟಿನ ಭಾನುವಾರ

ಕ್ರ್ಯಾಂಕ್ ಪುಲ್ಲಿಯ ಬೋಲ್ಟನ್ನು ಒಮ್ಮೆಯೂ ಕಣ್ಣಿಂದ ನೋಡದೆ ಸುಖವಾಗಿ ಬಾಳಿ, ಮೊಮ್ಮಕ್ಕಳನ್ನು ಆಡಿಸಿ, ತೀರಿಕೊಂಡವರು ಕೋಟ್ಯಂತರ ಮಂದಿ. ಅವರಲ್ಲಿ ಜೀವನಪೂರ್ತಿ ಕಾರು ಓಡಿಸಿದವರೂ ಇದ್ದಾರೆ. ಮುಂದಿನ ಚಕ್ರದ ಹಿಂದೆ, ಪ್ಲಾಸ್ಟಿಕ್ ಮರೆಯಲ್ಲಿ ಕೂತಿರುವ ಆ ಹತ್ತೊಂಬತ್ತು ಮಿಲಿಮೀಟರ್ ತಲೆಯ ಬೋಲ್ಟು ತಾನಾಗಿ ಯಾರ ತಂಟೆಗೂ ಬರುವುದಿಲ್ಲ. ಟೈಮಿಂಗ್ ಬೆಲ್ಟ್ ಬದಲಿಸಬೇಕಾದಾಗ ನಾವೇ ಅದರ ತಂಟೆಗೆ ಹೋಗಬೇಕು. ಬೆಲ್ಟ್ ತೆಗೆಯಲು ಮುಚ್ಚಳ ತೆಗೆಯಬೇಕು, ಮುಚ್ಚಳ ತೆಗೆಯಲು ಪುಲ್ಲಿ ತೆಗೆಯಬೇಕು, ಪುಲ್ಲಿ ತೆಗೆಯಲು ಆ ಒಂದೇ ಒಂದು ಬೋಲ್ಟು. ಹಾಗೇ ಬಿಟ್ಟು ಬೆಲ್ಟ್ ತುಂಡಾಯಿತೋ, ಎಷ್ಟೋ ಎಂಜಿನ್ನುಗಳಲ್ಲಿ ಪಿಸ್ಟನ್ನು ಹೋಗಿ ವಾಲ್ವಿಗೆ ಗುದ್ದುತ್ತದೆ. ಆಮೇಲೆ ಕಾರನ್ನು ಗುಜರಿಯವನಿಗೆ ತೋರಿಸುವುದೊಂದೇ ದಾರಿ.

ನಮ್ಮ ಮುದಿ ಕಾರಿಗೆ ಇಷ್ಟೆಲ್ಲ ಉಪಚಾರ ಯಾಕೆ ಅಂದರೆ, ಅದು ಪಾಸಾದ ಕಾರು. 2023ರ ಆಗಸ್ಟ್ 29ರಿಂದ ಲಂಡನ್ನಿನ ಹೊಗೆ ಸುಂಕ, ಅಂದರೆ ಯೂಲೆಜ್, ನಮ್ಮ ಸಟನ್ನಿಗೂ ಬಂತು. ಹೊಗೆಯ ನಿಯಮಕ್ಕೆ ಒಗ್ಗದ ಗಾಡಿ ರಸ್ತೆಗಿಳಿದರೆ ದಿನಕ್ಕೆ 12.50 ಪೌಂಡ್. 2006ರ ಪೆಟ್ರೋಲ್ ಕಾರು ಸಾಮಾನ್ಯವಾಗಿ ಪಾಸು, 2014ರ ಡೀಸೆಲ್ ಕಾರು ಬಹುಮಟ್ಟಿಗೆ ನಪಾಸು. ಹೀಗಾಗಿ ನಮ್ಮ ಬೀದಿಯಲ್ಲಿ ಮಿರಿಮಿರಿ ಮಿಂಚುವ ಕಾರುಗಳೆಲ್ಲ ಮನೆ ಬಿಟ್ಟು ಹೋದವು, ನಮ್ಮ ಡಕೋಟಾ ಮಾತ್ರ ಎದೆ ಸೆಟೆಸಿ ನಿಂತಿತು. ಸಟನ್ ಲಂಡನ್ನಿಗೆ ಸೇರಿದ್ದೇ 1965ರಲ್ಲಿ, ಅಲ್ಲಿಯವರೆಗೆ ಇದು ಸರ್ರೆ ಕೌಂಟಿ. ಇಲ್ಲಿನ ಹಿರಿಯರು ಇವತ್ತಿಗೂ ತಾವು ಸರ್ರೆಯವರೆಂದೇ ಹೇಳಿಕೊಳ್ಳುತ್ತಾರೆ. ಸುಂಕ ಬಂದ ಮೇಲಂತೂ ಇನ್ನಷ್ಟು ಗಟ್ಟಿಯಾಗಿ.

ಬೆಲ್ಟಿನ ಕೆಲಸಕ್ಕೆ ಗ್ಯಾರೇಜಿನವರು ಹೇಳಿದ ಕೂಲಿಯನ್ನು ಅಪ್ಪ ಮನಸ್ಸಿನಲ್ಲೇ ರೂಪಾಯಿಗೆ ಗುಣಿಸಿದರು. ಆರು ತಿಂಗಳ ವೀಸಾದ ಮೇಲೆ ತಿಪಟೂರಿನಿಂದ ಬಂದವರು ಅವರು. ತೋಟದ ಬೋರ್‌ವೆಲ್ ಮೋಟರಿನ ಜೊತೆ ಜೀವಮಾನವಿಡೀ ಹೆಣಗಿದವರು. "ಇಷ್ಟು ದುಡ್ಡಿಗೆ ನಮ್ಮಲ್ಲಿ ಒಂದು ಹಸು ಬರುತ್ತಲ್ಲೋ. ಬೋಲ್ಟೊಂದು ಬಿಚ್ಚೋಕೆ ಏನು ದಾಡಿ ನಿಂಗೆ?" ಅಲ್ಲಿಗೆ ಗ್ಯಾರೇಜಿನ ಮಾತು ಮುಗಿಯಿತು.

ದಾಡಿ ನನಗಲ್ಲ, ಬೋಲ್ಟಿಗೆ. ಚಕ್ರದ ನಟ್ಟುಗಳನ್ನು ನೂರು ನೂರಹತ್ತು ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿದರೆ ಸಾಕು. ಇಂಥ ಬೋಲ್ಟುಗಳು 180ರ ಆಸುಪಾಸು, ಕೆಲವಕ್ಕೆ ಬಿಗಿ ಮಾಡಿದ ಮೇಲೂ ಇನ್ನೊಂದು ಕಾಲು ಸುತ್ತು. ಬಿಗಿ ಮಾಡುವುದೆಂದರೆ ಉಕ್ಕಿನ ಬೋಲ್ಟನ್ನು ಕೂದಲೆಳೆಯಷ್ಟು ಹಿಗ್ಗಿಸುವುದು. ಹಿಗ್ಗಿದ ಉಕ್ಕು ಕುಗ್ಗಬೇಕೆಂದು ಸದಾ ಎಳೆಯುತ್ತಲೇ ಇರುತ್ತದೆ, ಆ ಎಳೆತವೇ ಪುಲ್ಲಿಯನ್ನು ಹಿಡಿದಿಡುತ್ತದೆ. ಇದರ ಮೇಲೆ ಹತ್ತಾರು ವರ್ಷ ಎಂಜಿನ್ ಕಾದಿದೆ, ಆರಿದೆ, ಇಂಗ್ಲೆಂಡಿನ ಮಳೆ ಸಿಡಿದಿದೆ, ಚಳಿಗಾಲದಲ್ಲಿ ರಸ್ತೆಗೆ ಎರಚಿದ ಉಪ್ಪು ಮೆತ್ತಿದೆ. ಸಾಲದ್ದಕ್ಕೆ ಸಾಕೆಟ್ಟಿಗೆ ಉದ್ದನೆಯ ಸರಳು, ಅಂದರೆ ಟಾಮಿ, ಹಾಕಿ ಎಳೆದರೆ ಬೋಲ್ಟಿನ ಜೊತೆ ಇಡೀ ಎಂಜಿನ್ನೇ ತಿರುಗುತ್ತದೆ. ಅದಕ್ಕೆ ಕಾರನ್ನು ಟಾಪ್ ಗೇರಿಗೆ ಹಾಕಿ ಯಾರಾದರೂ ಬ್ರೇಕ್ ಒತ್ತಿ ಹಿಡಿಯಬೇಕು. ಆ ಹೊಣೆ ಹೆಂಡತಿಯದು. ಅವಳು ಸೀಟಿನಲ್ಲಿ ಕೂತು, ಬಲಗಾಲನ್ನು ಬ್ರೇಕಿಗೂ ಕಿವಿಯನ್ನು ಮೈಸೂರಿನ ತಂಗಿಗೂ ಕೊಟ್ಟಿದ್ದಳು. ಇತ್ತ ನಾನು ಹಲ್ಲು ಕಚ್ಚಿ ಎಳೆಯುವ ಹೊತ್ತಿಗೆ ಸರಿಯಾಗಿ ಅಲ್ಲಿ ಯಾರದೋ ನಿಶ್ಚಿತಾರ್ಥ ಮುರಿದುಬಿದ್ದು, ಬ್ರೇಕ್ ಮೇಲಿನ ಕಾಲು ಸಡಿಲವಾಗುತ್ತಿತ್ತು.

"ರೀ, ಇನ್ನೂ ಒತ್ತಿರಬೇಕಾ?"

"ಒತ್ತೇ ಇಲ್ಲವಲ್ಲೇ!"

ತಿಪಟೂರಿನ ಬಿ.ಎಚ್. ರಸ್ತೆಯಲ್ಲಿ ಒಂದು ಬೋಲ್ಟು ಹಟ ಹಿಡಿದರೆ ಐದು ನಿಮಿಷದಲ್ಲಿ ಸಂತೆ ಸೇರುತ್ತದೆ. ಎಳನೀರಿನವನು ಮಚ್ಚು ಕೆಳಗಿಟ್ಟು ಬರುತ್ತಾನೆ, ಬಸ್ಸಿಗೆ ಕಾಯುವವನು ಬಸ್ಸು ಬಿಟ್ಟು ಬರುತ್ತಾನೆ, ಬಂದವರೆಲ್ಲ ಟಾಮಿಗೆ ಒಂದೊಂದು ಕೈ ಹಾಕುತ್ತಾರೆ. ಸಟನ್ನಿನಲ್ಲಿ ಹಾಗಿಲ್ಲ. ಕಾರಿನಡಿಯಿಂದ ಎರಡು ಕಾಲು ಹೊರಗೆ ಚಾಚಿಕೊಂಡಿದ್ದರೂ ಆ ಕಾಲುಗಳಿಗೆ 'ಗುಡ್ ಮಾರ್ನಿಂಗ್' ಹೇಳಿ ಮುಂದೆ ಹೋಗುತ್ತಾರೆ. ಇನ್ನೊಬ್ಬರ ಬೋಲ್ಟನ್ನು ದಿಟ್ಟಿಸಿ ನೋಡುವುದು ಇಲ್ಲಿ ಸಭ್ಯತೆಯಲ್ಲ. ಇದನ್ನು ಅಪ್ಪನಿಗೆ ಸಹಿಸಲಾಗಲಿಲ್ಲ. ಗೇಟಿನ ಬಳಿ ನಿಂತು, ನಾಯಿ ಹಿಡಿದು ಹೋಗುವವರನ್ನೂ ಚರ್ಚಿಗೆ ಹೊರಟವರನ್ನೂ ತಡೆದು, "ಬೋಲ್ಟ್ ನಾಟ್ ಕಮಿಂಗ್" ಎಂದು ಅಹವಾಲು ಸಲ್ಲಿಸತೊಡಗಿದರು.

ಮೊದಲು ನೆರವಿಗೆ ಸಿಕ್ಕವನು ಎಪ್ಸಮ್ ಕಡೆ ಮೂಳೆ ಡಾಕ್ಟರಾಗಿರುವ ನನ್ನ ಹಾಸನದ ಗೆಳೆಯ. ಊಟಕ್ಕೆಂದು ಬಂದವನು ಕೋಟು ಕಳಚಿ ಕೂತ. ಮೂಳೆಗೆ ಹಾಕಿದ ಟೈಟೇನಿಯಂ ಸ್ಕ್ರೂ ಕೂಡ ವರ್ಷಗಳಾದ ಮೇಲೆ ಪ್ಲೇಟಿಗೆ ಕಚ್ಚಿಕೊಂಡು ಹೀಗೇ ಹಟ ಮಾಡುತ್ತದಂತೆ. "ತಲೆ ಸವೆಸಿಬಿಟ್ಟೆಯೋ, ಕಥೆ ಮುಗೀತು," ಎಂದು ನನ್ನ ಹನ್ನೆರಡು ಮೂಲೆಯ ಸಾಕೆಟ್ ಕಿತ್ತುಕೊಂಡು ಆರು ಮೂಲೆಯದನ್ನು ಕೈಗಿಟ್ಟ. ಇದು ಒಳ್ಳೆಯ ಸಲಹೆ. ಎರಡನೆಯದು ಭಯಂಕರದ್ದು: ಟಾಮಿಯನ್ನು ನೆಲಕ್ಕೆ ಆನಿಸಿ ಕೀಲಿ ತಿರುಗಿಸಿದರೆ ಸ್ಟಾರ್ಟರ್ ಮೋಟರೇ ಬೋಲ್ಟು ಬಿಚ್ಚಿಕೊಡುತ್ತದೆ. ಈ ವಿದ್ಯೆ ನಿಜವಾಗಿಯೂ ಇದೆ. ಟಾಮಿ ಜಾರಿದರೆ ಮೊಣಕಾಲು ಚಿಪ್ಪು ಹಾರುತ್ತದೆ ಎಂಬುದೂ ಅಷ್ಟೇ ನಿಜ. ಹಳೆಯ ಹೋಂಡಾಗಳ ಥರ ಎಂಜಿನ್ ಉಲ್ಟಾ ತಿರುಗುವಂಥದ್ದಾದರೆ ಬೋಲ್ಟು ಬಿಚ್ಚುವ ಬದಲು ಇನ್ನೂ ಬಿಗಿಯಾಗುತ್ತದೆ. ಮೂಳೆ ಡಾಕ್ಟರು ಈ ಸಲಹೆ ಕೊಟ್ಟದ್ದರಲ್ಲಿ ನನಗೆ ಸ್ವಾರ್ಥ ಕಂಡಿತು.

ಅಪ್ಪನದು ಸೀಮೆಎಣ್ಣೆ ಪಕ್ಷ. ಸೀಮೆಎಣ್ಣೆ ಇಲ್ಲದ ಕಾರಣ ಡಬ್ಲ್ಯೂಡಿ-40 ಡಬ್ಬಿಯನ್ನು ತಾವೇ ಹಿಡಿದು ಬೋಲ್ಟಿಗೆ ಅಭಿಷೇಕ ಮಾಡಿದರು. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಕ್ಷಿಪಣಿಗಳಿಗೆ ತುಕ್ಕು ಹಿಡಿಯದಿರಲೆಂದು ಕಂಡುಹಿಡಿದ ಎಣ್ಣೆ ಅದು. ತುಕ್ಕಿಗೆ ಅದು ಒಳ್ಳೆಯದೇ. ಆದರೆ ತಲೆಯ ಅಡಿಗೆ ಒತ್ತಿ ಕೂತ ಬೋಲ್ಟಿನೊಳಕ್ಕೆ ಎಣ್ಣೆಗೂ ದಾರಿ ಬೇಕಲ್ಲ. ಬಿಸಿ ಮಾಡೋಣವೆಂದರೆ ಪುಲ್ಲಿಯ ನಡುವೆ ರಬ್ಬರಿನ ಬಳೆ ಇರುತ್ತದೆ, ಬೆಂಕಿ ತೋರಿಸುವ ಹಾಗಿಲ್ಲ.

ಅಷ್ಟರಲ್ಲಿ ಅಪ್ಪನ ಅಹವಾಲು ಪಕ್ಕದ ಮನೆಯ ಮುದುಕರನ್ನು ಮುಟ್ಟಿತ್ತು. ಅವರು ಬಂದು, ಕೈ ಹಿಂದೆ ಕಟ್ಟಿಕೊಂಡು, ಬೆವರಿನಲ್ಲಿ ತೊಯ್ದ ನನ್ನನ್ನೂ ಬಗ್ಗಿದ ಟಾಮಿಯನ್ನೂ ನೋಡಿ, "ಒಂಚೂರು ಬಿಗಿ ಇದೆಯೇನೋ ಅಂತ ಕಾಣುತ್ತೆ" ಅಂದರು. ಒಳಗೆ ಹೋದರು. ಬರುವಾಗ ಹೆಗಲ ಮೇಲೆ ಕಟ್ಟಡದ ಸಾರುವೆಗೆ ಬಳಸುವ ಕಬ್ಬಿಣದ ಪೈಪಿತ್ತು. ಯಾವುದೋ ಕಾಲದಲ್ಲಿ ಅವರ ಮನೆಯ ಚಿಮಣಿ ರಿಪೇರಿಗೆ ಬಂದವರು ಬಿಟ್ಟುಹೋದದ್ದು. ಹೆಂಡತಿ ಎಸೆಯಿರೆಂದಾಗಲೆಲ್ಲ, ಬೇಕಾಗುತ್ತೆ ಬೇಕಾಗುತ್ತೆ ಅಂತ ಉಳಿಸಿಕೊಂಡು ಬಂದಿದ್ದರಂತೆ. ಅವರ ಮುಖದಲ್ಲಿ ಅವತ್ತು ಕಂಡದ್ದು ನೆರವು ನೀಡುವ ಸಂತೋಷವಲ್ಲ, ಹಳೆಯ ದಾವೆ ಗೆದ್ದ ಸಂತೋಷ.

"ಪೈಪ್ ಹಾಕು ಅಂತ ನಾನು ಬೆಳಿಗ್ಗೆಯಿಂದ ಬಡ್ಕೊಂಡೆ," ಅಂದರು ಅಪ್ಪ. ಹೇಳಿದ್ದು ನಿಜ. ಸಟನ್ನಿನಲ್ಲಿ ಭಾನುವಾರ ಪೈಪು ಎಲ್ಲಿಂದ ತರಲಿ ಎಂಬುದಕ್ಕೆ ಮಾತ್ರ ಅವರಲ್ಲಿ ಉತ್ತರವಿರಲಿಲ್ಲ.

ಟಾಮಿಗೆ ಪೈಪು ತೊಡಿಸಿದೆವು. ಉದ್ದ ಹೆಚ್ಚಿದಷ್ಟೂ ಬಲ ಹೆಚ್ಚುತ್ತದೆ: ನನ್ನ ಎಂಬತ್ತು ಕಿಲೋ ಮೈಯನ್ನು ಮೀಟರ್ ದೂರದಲ್ಲಿ ಒರಗಿಸಿದರೆ 780 ನ್ಯೂಟನ್ ಮೀಟರ್ ದಾಟುತ್ತದೆ. ಡಾಕ್ಟರು ಸಾಕೆಟ್ ಅಲುಗದಂತೆ ಹಿಡಿದ. ಹೆಂಡತಿ ತಂಗಿಯ ಫೋನು ಕಟ್ ಮಾಡಿದಳು. ಒರಗಿದೆ. ಢಣ್ ಎಂದು ಎಂಥ ಸದ್ದು ಬಂತೆಂದರೆ ಬೋಲ್ಟು ತುಂಡಾಯಿತೆಂದು ನಾನೂ, ನನ್ನ ಬೆನ್ನು ತುಂಡಾಯಿತೆಂದು ಡಾಕ್ಟರೂ ಅಂದುಕೊಂಡೆವು. ಎರಡೂ ನೆಟ್ಟಗಿದ್ದವು. ಆಮೇಲೆ ಆ ಮಹಾಶಯ ಎರಡು ಬೆರಳಿಗೆ ಬಿಚ್ಚಿಕೊಂಡು ಬಂದ.

ಯಶಸ್ಸನ್ನು ಹಂಚಿಕೊಳ್ಳುವುದರಲ್ಲಿ ಚಹಾ ಆರಿಹೋಯಿತು. ಮುದುಕರು ಪೈಪು ಒರೆಸಿಕೊಂಡು, ತಮ್ಮ ಹೆಂಡತಿಗೆ ಕಾಣುವ ಹಾಗೆ ಮುಂಬಾಗಿಲಿನಿಂದಲೇ ಒಳಗೊಯ್ದರು. ಅಪ್ಪ ಬೋಲ್ಟನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ ಕೇಳಿದರು:

"ಇದನ್ನ ಮತ್ತೆ ಹಾಕ್ತೀಯಾ?"

"ಹಾಕಲೇಬೇಕಲ್ಲಪ್ಪಾ, ಬೆಲ್ಟ್ ಬದಲಿಸಿದ ಮೇಲೆ."

"ಎಷ್ಟು ಬಿಗಿ?"

"ಮೊದಲಿದ್ದಷ್ಟೇ. ಸಡಿಲ ಬಿಟ್ಟರೆ ಪುಲ್ಲಿ ಅಲ್ಲಾಡಿ ಕ್ರ್ಯಾಂಕೇ ಹಾಳಾಗುತ್ತೆ."

ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, ಧ್ವನಿ ತಗ್ಗಿಸಿ ಹೇಳಿದರು: "ಹಂಗಾದ್ರೆ ಒಂದು ಕೆಲಸ ಮಾಡು. ಇವತ್ತೇ ಮಾರಿಬಿಡು ಕಾರನ್ನ."