ನಿಷ್ಕಾಸನಳಿಕಾ ತಾಪಮೀಮಾಂಸೆ

ಪೀಠಿಕೆ. ವಾಯುಶೀತಿತ ಅಂತರ್ದಹನ ಯಂತ್ರದ ಉತ್ತರಕಾಲೀನ ಪುನರುತ್ಥಾನದ ಸಂದರ್ಭದಲ್ಲಿ ನಿಷ್ಕಾಸ ತಾಪದ ಸಂಕಥನವನ್ನು ಬಹುಶಿಸ್ತೀಯ ಪರಿಪ್ರೇಕ್ಷ್ಯದಲ್ಲಿ ಮರು-ಓದಿಗೆ ಒಳಪಡಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಇದನ್ನೇ ಚೆನ್ನೈಯ ಅಂಬತ್ತೂರು ಎಸ್ಟೇಟಿನ ಗ್ಯಾರೇಜಿನಲ್ಲಿ ‘ಸೈಲೆನ್ಸರ್ ಸಿಕ್ಕಾಪಟ್ಟೆ ಕಾಯ್ತಿದೆ ಸಾರ್’ ಎನ್ನುತ್ತಾರೆ. ಅಷ್ಟು ಚಿಕ್ಕದಾಗಿ ಹೇಳಿದರೆ ಯಾವ ವಿಶ್ವವಿದ್ಯಾಲಯವೂ ಡಾಕ್ಟರೇಟ್ ಕೊಡುವುದಿಲ್ಲವಾದ್ದರಿಂದ ಪ್ರಬಂಧಕಾರರು ಮೊದಲ ವಾಕ್ಯವನ್ನೇ ಉಳಿಸಿಕೊಂಡಿದ್ದಾರೆ.

ಪ್ರೇರಣೆ. ಹಳೆಯ ಗಾಡಿಗಳನ್ನು ಹೊಸದು ಮಾಡಿಕೊಡುವ ಇತ್ತೀಚಿನ ತಜ್ಞರು ನಟ್ಟು ಬಿಚ್ಚುವ ಮೊದಲು ‘ಥರ್ಮಲ್ ಮ್ಯಾನೇಜ್‌ಮೆಂಟ್ ಸೊಲ್ಯೂಷನ್’ ಎಂಬ ಬಣ್ಣದ ಕೊಟೇಷನ್ ಕೊಡುತ್ತಾರೆ. ಅದರಲ್ಲಿ ಬಾಣದ ಗುರುತುಗಳಿರುತ್ತವೆ, ಕೆಂಪು-ಹಳದಿ-ನೀಲಿ ಪಟ್ಟೆಗಳ ಚಿತ್ರವಿರುತ್ತದೆ, ಕೊನೆಯ ಪುಟದಲ್ಲಿ ಜಿಎಸ್‌ಟಿ ಇರುತ್ತದೆ. ಗಾಡಿ ಯಾಕೆ ಕಾಯುತ್ತದೆ ಎಂಬುದು ಮಾತ್ರ ಇರುವುದಿಲ್ಲ. ಅಂಥದ್ದೊಂದನ್ನು ಓದಿ ಮುಗಿಸಿದ ಆಯಾಸದಲ್ಲಿ ಈ ಮೀಮಾಂಸೆ ಹುಟ್ಟಿತು.

ಆಕರ. ಗ್ರಂಥಸಂಪಾದನಾ ಶಾಸ್ತ್ರದ ಕ್ರಮದಂತೆ ಮೊದಲು ಆಕರಪ್ರತಿಯ ವಿವರ. ಪ್ರತಿಯು ಮೈಸೂರು ಮೂಲದ ಒಂದು ಯೆಜ್ಡಿ. ಚೆಕ್ ದೇಶದ ಜಾವಾ ಕಂಪನಿಯ ವಿನ್ಯಾಸವನ್ನು ತಂದು ಫರೋಖ್ ಇರಾನಿಯವರು ಮುನ್ನಡೆಸಿದ ಐಡಿಯಲ್ ಜಾವಾ ಸಂಸ್ಥೆ, ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ 1960ರ ದಶಕದ ಆರಂಭದಿಂದ ಮೋಟರ್ ಸೈಕಲ್ ತಯಾರಿಸಿತು. 1970ರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. 1996ರಲ್ಲಿ ಬಾಗಿಲು ಮುಚ್ಚಿತು. ಎರಡು ಸ್ಟ್ರೋಕಿನ ಒಂಟಿ ಸಿಲಿಂಡರ್, ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ಒಂದೇ ಸಿಲಿಂಡರ್ ಆದರೂ ಹೊಗೆ ಹೋಗಲು ಎರಡು ದಾರಿ, ಎರಡು ಪೈಪು, ಎರಡು ಸೈಲೆನ್ಸರ್. ಅಂಬತ್ತೂರಿನಿಂದ ಅಷ್ಟೇನೂ ದೂರವಿಲ್ಲದ ತಿರುವೊಟ್ಟಿಯೂರಿನಲ್ಲಿ ತಯಾರಾದ ಎನ್‌ಫೀಲ್ಡ್ ಬುಲೆಟ್ಟು ಒಂದು ಕಾಲನ್ನಷ್ಟೇ ಸುಡುತ್ತದೆ. ಮೈಸೂರಿನದು ಎರಡಕ್ಕೂ ಸಮಾನ ನ್ಯಾಯ ಒದಗಿಸುತ್ತದೆ. ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಸನ್ನೆ, ಅದೂ ಎಡಗಡೆ, ಎಡಗಡೆಯ ಪೈಪಿನ ಪಕ್ಕದಲ್ಲೇ. ಸ್ಟಾರ್ಟ್ ಆಗದ ದಿನ ಪಾದವೂ ಪೈಪೂ ಎಷ್ಟು ಸಲ ಸಂಧಿಸುತ್ತವೆ ಎಂಬುದನ್ನು ಸಂಧಿಪ್ರಕರಣದಲ್ಲಿ ಪ್ರತ್ಯೇಕವಾಗಿ ಚರ್ಚಿಸಬಹುದು.

ಇತರ ಪ್ರತಿಗಳಲ್ಲಿ ಪಾಠಾಂತರಗಳು ವಿಪುಲ. ಮೂಲದ ಯಿಕೋವ್ ಕಾರ್ಬುರೇಟರ್ ಹೋಗಿ ಯಾವುದೋ ನೂರು ಸಿ.ಸಿ. ಗಾಡಿಯದು ಕೂತಿರುತ್ತದೆ: ಇದು ಪ್ರಕ್ಷೇಪ. ಸೈಲೆನ್ಸರಿನ ಒಳಗಿನ ಬ್ಯಾಫಲ್ ‘ಸೌಂಡ್ ಚೆನ್ನಾಗಿ ಬರಲಿ’ ಎಂದು ಯಾರೋ ಕಿತ್ತೆಸೆದಿರುತ್ತಾರೆ: ಇದು ಗ್ರಂಥಪಾತ. ನಮ್ಮ ಪ್ರತಿ ಮೈಸೂರಿನಿಂದ ಅಂಬತ್ತೂರಿಗೆ ಬಂದದ್ದು ಗಾಡಿಯ ಯಜಮಾನರ ನೌಕರಿಯ ಕಾರಣದಿಂದ. ಅಂಬತ್ತೂರು ಕಾರ್ಖಾನೆಗಳ ಊರು: 1949ರಿಂದ ಟಿ.ಐ. ಸೈಕಲ್ಸ್, ಮುಂದೆ ಡನ್‌ಲಪ್, ಆಮೇಲೆ 1960ರ ದಶಕದಲ್ಲಿ ಸರ್ಕಾರವೇ ಕಟ್ಟಿದ ಕೈಗಾರಿಕಾ ಎಸ್ಟೇಟ್. ಪಕ್ಕದ ಪಾಡಿಯಲ್ಲಿ ಟಿವಿಎಸ್ ಬಳಗದ ಕಾರ್ಖಾನೆಗಳು. ಲೇತು, ಬೋರಿಂಗ್, ವೆಲ್ಡಿಂಗ್, ಪ್ಲೇಟಿಂಗ್ ಎಲ್ಲವೂ ನಡೆದು ಹೋಗುವಷ್ಟು ದೂರದಲ್ಲಿ ಸಿಗುವ ಊರಿದು. ಹಳೆಯ ಗಾಡಿ ಎಬ್ಬಿಸುವವನಿಗೆ ಇದಕ್ಕಿಂತ ಒಳ್ಳೆಯ ಊರಿಲ್ಲ. ಗಾಳಿ ಬಿಟ್ಟರೆ ಇಲ್ಲಿ ಎಲ್ಲವೂ ಸಿಗುತ್ತದೆ.

ಗಾಳಿಯ ಅಲಭ್ಯತೆಯೇ ಅಧ್ಯಯನದ ಕೇಂದ್ರ ಸಮಸ್ಯೆ. ಜರ್ಮನಿಯ ಬೀಟಲ್ ಕಾರೂ ಗಾಳಿಯಿಂದಲೇ ತಣ್ಣಗಾಗುತ್ತಿತ್ತು, ಆದರೆ ಅದಕ್ಕೆ ಬೆಲ್ಟಿನಿಂದ ತಿರುಗುವ ಫ್ಯಾನಿತ್ತು. ಅಷ್ಟೇ ಅಲ್ಲ, ಹೊಗೆಪೈಪಿನ ಸುತ್ತ ಡಬ್ಬಿ ಕಟ್ಟಿ, ಅಲ್ಲಿ ಕಾದ ಗಾಳಿಯನ್ನು ಒಳಗೆ ಕೂತವರ ಕಾಲಿಗೆ ಬಿಡುತ್ತಿದ್ದರು. ಚಳಿದೇಶದಲ್ಲಿ ಅದೊಂದು ಸೌಕರ್ಯ. ಯೆಜ್ಡಿಗೆ ಫ್ಯಾನಿಲ್ಲ. ಗಾಡಿ ಓಡಿದರೆ ಗಾಳಿ, ನಿಂತರೆ ಇಲ್ಲ. ಅಂಬತ್ತೂರಿನ ಎಂ.ಟಿ.ಎಚ್. ರಸ್ತೆಯಲ್ಲಿ ಬೆಳಗಿನ ಶಿಫ್ಟಿನ ಹೊತ್ತಿಗೆ ಗಾಡಿ ಓಡುತ್ತದೆಂದು ವಾದಿಸುವವರು ಬೇರೊಂದು ಪ್ರಬಂಧ ಬರೆಯಲಿ. ಚೆನ್ನೈಯ ಬಿಸಿಲು 2003ರ ಮೇ ಕೊನೆಯಲ್ಲಿ 45 ಡಿಗ್ರಿ ಮುಟ್ಟಿತ್ತು. ಸುಟ್ಟ ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಹೊಗೆಯ ಜೊತೆ ಪೈಪಿನಲ್ಲೇ ಹೋಗುತ್ತದೆ, ಮತ್ತು ಆ ಪೈಪು ಸವಾರನ ಮೀನಖಂಡದಿಂದ ಗೇಣಳತೆಯಲ್ಲಿದೆ.

ವರ್ಗೀಕರಣ. ಪ್ರಸ್ತುತ ಮೀಮಾಂಸೆಯ ಪ್ರಕಾರ ತಾಪವು ಚತುರ್ವಿಧ: ಸ್ಪರ್ಶತಾಪ, ವರ್ಣತಾಪ, ಶ್ರವಣತಾಪ, ಮನಸ್ತಾಪ. ಪ್ರತಿಯೊಂದಕ್ಕೂ ಉತ್ತಮ, ಮಧ್ಯಮ, ಅಧಮ ಎಂಬ ಉಪಭೇದಗಳು, ಹೀಗೆ ಹನ್ನೆರಡು.

ಸ್ಪರ್ಶತಾಪವು ಅಪರೋಕ್ಷ ಜ್ಞಾನ, ಪ್ರಮಾಣ ಬೇಕಿಲ್ಲ. ಇದರ ಪರೋಕ್ಷ ರೂಪ ವಿಕಿರಣ. ಪೈಪಿನ ಮೈ 200 ಡಿಗ್ರಿಯಿಂದ 300ಕ್ಕೆ ಏರಿದರೆ ಅದು ಹೊರಸೂಸುವ ಬಿಸಿ ಒಂದೂವರೆ ಪಟ್ಟಲ್ಲ, ಎರಡು ಪಟ್ಟಿಗೂ ಹೆಚ್ಚು. ನಿರಪೇಕ್ಷ ಉಷ್ಣತೆಯ ನಾಲ್ಕನೇ ಘಾತಕ್ಕೆ ತಕ್ಕಂತೆ ಅದು ಬೆಳೆಯುತ್ತದೆ. ಹೊಳೆಯುವ ಕ್ರೋಮು ತುಕ್ಕು ಹಿಡಿದ ಕಬ್ಬಿಣಕ್ಕಿಂತ ಕಡಿಮೆ ಬಿಸಿ ಸೂಸುತ್ತದೆ ಎಂಬುದು ನಿಜ. ಮುಟ್ಟಿದರೆ ಮಾತ್ರ ಎರಡರಲ್ಲಿ ವ್ಯತ್ಯಾಸ ಕಾಣದು.

ವರ್ಣತಾಪವು ದೃಶ್ಯಕಾವ್ಯ. ಬೆಂಡ್ ಪೈಪಿನ ಮೇಲೆ ಮೊದಲು ಹುಲ್ಲಿನ ಹಳದಿ, ಬಳಿಕ ಕಂದು, ನೇರಳೆ, ಕೊನೆಗೆ ನೀಲಿ. ಕ್ರೋಮಿನ ಮೈಮೇಲೆ ಬಿಸಿಯಿಂದ ಬೆಳೆಯುವ ಆಕ್ಸೈಡಿನ ಪೊರೆ ದಪ್ಪವಾದಂತೆ ಬೆಳಕಿನ ಬಣ್ಣ ಬದಲಾಗುತ್ತದೆ. ತಜ್ಞರ ಕೊಟೇಷನ್ನು ಇದನ್ನು ‘ಪ್ಯಾಟಿನಾ’ ಎಂದು ಕರೆದು ಪ್ರತ್ಯೇಕ ದರ ಹಾಕುತ್ತದೆ.

ಶ್ರವಣತಾಪದ ಉತ್ತಮ ಭೇದ, ಗಾಡಿ ನಿಲ್ಲಿಸಿದ ಮೇಲೆ ಪೈಪು ‘ಟಿಣ್ ಟಿಣ್’ ಎನ್ನುವುದು. ಮಧ್ಯಮ ಭೇದ... ಬೇಡ. ಸಿಗ್ನಲ್ಲಿನಲ್ಲಿ ನಿಂತು ಎರಡೂ ಕಾಲನ್ನು ಹಂಸದಂತೆ ಹೊರಕ್ಕೆ ಚಾಚಿಕೊಂಡವನಿಗೆ ತನ್ನ ತಾಪ ಒಂಬತ್ತನೆಯ ಭೇದವೋ ಹತ್ತನೆಯದೋ ಎಂದು ತಿಳಿದು ಆಗಬೇಕಾದ್ದೇನೂ ಇಲ್ಲ.

ಪೂರ್ವಪಕ್ಷ. ತಜ್ಞರು ಮಂಡಿಸುವ ಮೊದಲ ಪರಿಹಾರ ಸುತ್ತುಪಟ್ಟಿ: ಗಾಜಿನ ಇಲ್ಲವೇ ಬಸಾಲ್ಟ್ ಕಲ್ಲಿನ ಎಳೆಯಿಂದ ನೇಯ್ದ ಪಟ್ಟಿಯನ್ನು ಪೈಪಿಗೆ ಬ್ಯಾಂಡೇಜಿನಂತೆ ಸುತ್ತುವುದು. ಕಾಲಿಗೆ ಬಿಸಿ ತಟ್ಟುವುದು ನಿಜಕ್ಕೂ ಕಡಿಮೆಯಾಗುತ್ತದೆ. ಆದರೆ ಪಟ್ಟಿ ನೀರು ಕುಡಿಯುತ್ತದೆ. ಅಕ್ಟೋಬರಿನಿಂದ ಡಿಸೆಂಬರಿನ ತನಕ ಹಿಂಗಾರು ಸುರಿಯುವ, ವರ್ಷವಿಡೀ ಕಡಲ ತೇವ ತುಂಬಿರುವ ಊರಿನಲ್ಲಿ ಒದ್ದೆ ಪಟ್ಟಿಯ ಕೆಳಗೆ ತೆಳ್ಳನೆಯ ಉಕ್ಕಿನ ಪೈಪು ಏನಾಗುತ್ತದೆಂದು ಪಟ್ಟಿ ಬಿಚ್ಚಿದ ದಿನ ತಿಳಿಯುತ್ತದೆ. ಎರಡನೆಯ ಪರಿಹಾರ ಸಿಲಿಂಡರಿನ ಫಿನ್ನುಗಳಿಗೆ ದಪ್ಪನೆಯ ಪೌಡರ್ ಕೋಟಿಂಗ್. ಬಿಸಿ ಹೊರಹೋಗಲೆಂದೇ ಎರಕ ಹೊಯ್ದ ರೆಕ್ಕೆಗಳಿಗೆ ಪ್ಲಾಸ್ಟಿಕ್ಕಿನ ಸ್ವೆಟರ್ ತೊಡಿಸಿ, ಬಿಸಿ ಹೊರಗೆ ಬರುತ್ತಿಲ್ಲ ಎಂದು ಇನ್ನೊಂದು ಕೊಟೇಷನ್ ಕೊಡುವುದು ಈ ಪಂಥದ ವೈಶಿಷ್ಟ್ಯ.

ಮೂರನೆಯದು ಯಜಮಾನರದೇ ಸ್ವಂತ ಆವಿಷ್ಕಾರ: ‘ತಂಪಿರಲಿ’ ಎಂದು ಪೆಟ್ರೋಲಿಗೆ ಒಂದಿಷ್ಟು ಹೆಚ್ಚು ಆಯಿಲ್. ಕಂಪನಿ ಹೇಳಿದ್ದು ಲೀಟರಿಗೆ 40 ಮಿ.ಲೀ. ಅಳತೆ ಮೀರಿ ಸುರಿದ ಎಣ್ಣೆ ಜೆಟ್ಟಿನಲ್ಲಿ ಪೆಟ್ರೋಲಿನ ಜಾಗವನ್ನು ತಿನ್ನುತ್ತದೆ, ಮಿಶ್ರಣ ತೆಳುವಾಗುತ್ತದೆ, ಗಾಡಿ ಇನ್ನಷ್ಟು ಕಾಯುತ್ತದೆ. ಉಳಿದ ಎಣ್ಣೆ ಮಸಿಯಾಗಿ ಸೈಲೆನ್ಸರಿನ ಬ್ಯಾಫಲ್ಲಿನಲ್ಲಿ ಕೂತು ಹೊಗೆಯ ದಾರಿ ಕಟ್ಟುತ್ತದೆ, ಅದರಿಂದ ಮತ್ತಷ್ಟು.

ಇಂಧನದ ವಿಷಯದಲ್ಲಿ ಯಜಮಾನರ ತಪ್ಪಿಲ್ಲ. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನ ಸಮಾರಂಭದಲ್ಲೇ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲ್ ಬಿಡುಗಡೆಯಾಯಿತು. ಈಗ ಬಂಕಿನಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಸಾಕು, ಈ ಬೆರಕೆಗೆ ಸುಮಾರು 13.5. ಹೊಸ ಗಾಡಿಯ ಕಂಪ್ಯೂಟರ್ ಇದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಹಿತ್ತಾಳೆಯ ಜೆಟ್ಟಿಗೆ ಕಂಪ್ಯೂಟರ್ ಇಲ್ಲ. ಅದು ಐವತ್ತು ವರ್ಷದ ಹಿಂದೆ ಕೊರೆದ ತೂತಿನಷ್ಟೇ ಕೊಡುತ್ತದೆ, ಅಂದರೆ ಬೇಕಾದ್ದಕ್ಕಿಂತ ನೂರಕ್ಕೆ ಎಂಟರಷ್ಟು ಕಡಿಮೆ. ಎಥನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಬಿಸಿ ಹೀರಿ ಒಂದಿಷ್ಟು ತಂಪು ಮಾಡುತ್ತದೆ, ಆ ನ್ಯಾಯವನ್ನೂ ಹೇಳಬೇಕು. ಆದರೂ ತೆಳು ಮಿಶ್ರಣದ ಕಾವು ಪೈಪಿನಲ್ಲಿ ಕಾಣಿಸುತ್ತದೆ. ಹಳೆಯ ಗಾಡಿಯವರಿಗೊಂದು ಬೇರೆ ಪಂಪು ಇಡಿ ಎಂದು ಕೇಳಿದರೆ ಹೊಸ ಗಾಡಿ ಕೊಳ್ಳಿ ಎಂಬ ಧಾಟಿಯ ಉತ್ತರ ಸಿಗುತ್ತದೆ. 2018ರಲ್ಲಿ ಜಾವಾ ಹೆಸರಿನ ಹೊಸ ಗಾಡಿ ಬಂದಿದೆ, ಹೌದು: ಮಧ್ಯಪ್ರದೇಶದ ಪೀತಂಪುರದಲ್ಲಿ ತಯಾರಾದ 293 ಸಿ.ಸಿ.ಯದು. ಎಂಜಿನ್ನಿಗೆ ನೀರಿನ ತಂಪು, ನೋಟಕ್ಕೆ ಫಿನ್ನು.

ಸಿದ್ಧಾಂತ. ಎಸ್ಟೇಟಿನ ಮೇಸ್ತ್ರಿ ಕೊಟೇಷನ್ ಓದಲಿಲ್ಲ. ಪ್ಲಗ್ ಬಿಚ್ಚಿ ಅದರ ಮೂತಿ ನೋಡಿದರು. ಕಾಫಿಪುಡಿಯ ಬಣ್ಣವಿರಬೇಕಾದ್ದು ಬೆಳ್ಳಗಿತ್ತು. ‘ಪೆಟ್ರೋಲ್ ಸಾಲದು ಸಾರ್, ಗಾಳಿ ಜಾಸ್ತಿ’ ಎಂದರು. ಮೇನ್ ಜೆಟ್ ಒಂದು ಸೈಜು ದೊಡ್ಡದು. ಕ್ರ್ಯಾಂಕಿನ ಎಣ್ಣೆ ಸೀಲು ಗಟ್ಟಿಯಾಗಿ ಅಲ್ಲಿಂದಲೂ ಕಳ್ಳಗಾಳಿ ಎಳೆಯುತ್ತಿತ್ತು, ಅದು ಬದಲು. ಪಾಯಿಂಟಿನ ಹಿಮ್ಮಡಿ ಸವೆದು ಗ್ಯಾಪು ಕಿರಿದಾಗಿ ಕಿಡಿ ತಡವಾಗಿ ಹಾರುತ್ತಿತ್ತು. ತಡವಾಗಿ ಹತ್ತಿದ ಬೆಂಕಿ ಸಿಲಿಂಡರಿನಲ್ಲಿ ಮುಗಿಯದೆ ಪೈಪಿನೊಳಗೂ ಉರಿಯುತ್ತದೆ, ಅದಕ್ಕೇ ಬೆಂಡು ನೀಲಿ. ಗ್ಯಾಪು ಸರಿಮಾಡಿ ಟೈಮಿಂಗ್ ಕೂರಿಸಿದರು. ಪೈಪು ಬ್ಯಾರಲ್ಲಿಗೆ ಸೇರುವಲ್ಲಿ ಹೊಸ ಗ್ಯಾಸ್ಕೆಟ್. ಬ್ಯಾಫಲ್ ಹೊರಗೆಳೆದು ಕಾಸ್ಟಿಕ್ ಸೋಡಾದಲ್ಲಿ ನೆನೆಹಾಕಿದರು, ಅಲ್ಯೂಮಿನಿಯಂ ಏನನ್ನೂ ಹತ್ತಿರ ತರಬೇಡಿ ಎಂದು ಹುಡುಗನನ್ನು ಗದರಿದರು. ಫಿನ್ನುಗಳ ಸಂದಿಯ ಕೆಸರನ್ನು ಕಡ್ಡಿಯಲ್ಲಿ ಕೆದಕಿದರು. ಸಿಗ್ನಲ್ಲಿನಲ್ಲಿ ಬಹಳ ಹೊತ್ತು ನಿಲ್ಲಬೇಕಾದರೆ ಆಫ್ ಮಾಡಿ ಎಂದರು. ಇವಿಷ್ಟಕ್ಕೆ ಅವರು ಇಟ್ಟ ಹೆಸರು ‘ಸರ್ವಿಸ್’. ಯಾದವಗಿರಿಯಲ್ಲಿ ಕಾರ್ಖಾನೆ ಇದ್ದಾಗ ಇದು ಊರೂರಿನ ಮೇಸ್ತ್ರಿಗಳ ಸಾಮಾನ್ಯ ಜ್ಞಾನ. ಈಗ ಅದನ್ನು ಪರಂಪರಾಗತ ಜ್ಞಾನಶಿಸ್ತು ಎಂದು ಕರೆದು ವಿಚಾರಸಂಕಿರಣ ಮಾಡಬಹುದು. ಮೇಸ್ತ್ರಿಗೆ ಮಾತ್ರ ಆಹ್ವಾನ ಹೋಗುವುದಿಲ್ಲ.

ಇಲ್ಲಿಗೆ ಮೀಮಾಂಸೆ ಮುಗಿಯಬೇಕಿತ್ತು. ಆದರೆ ನೀಲಿಯಾದ ಆ ಪೈಪು ಏನಾಯಿತು ಎಂಬ ಪ್ರಶ್ನೆ ಉಳಿಯಿತು. ನೀಲಿ ಪೈಪಿನಲ್ಲಿ ಪ್ರದರ್ಶನಕ್ಕೆ ಹೋಗಲು ಯಜಮಾನರಿಗೆ ನಾಚಿಕೆ, ಮರುಕ್ರೋಮಿಗೆ ಕೊಟ್ಟರು. ಮೊದಲು ಜೆಟ್ ಸರಿಮಾಡದೆ ಕ್ರೋಮ್ ಮಾಡಿಸುವವರು ಅದೇ ಪೈಪನ್ನು ಮತ್ತೆ ಮತ್ತೆ ಕೊಡುತ್ತಾರೆ, ಅದು ಮತ್ತೆ ಮತ್ತೆ ನೀಲಿಯಾಗುತ್ತದೆ. ಪ್ಲೇಟಿಂಗ್ ಶೆಡ್ಡಿನಲ್ಲಿ ಕ್ರೋಮಿಕ್ ಆಮ್ಲದ ಬೆಚ್ಚನೆಯ ತೊಟ್ಟಿ. ವಿದ್ಯುತ್ ಹರಿಸಿದಾಗ ಗುಳ್ಳೆಗಳೆದ್ದು ಒಡೆಯುತ್ತವೆ, ಆಮ್ಲದ ಸಣ್ಣ ಹನಿಗಳು ಮಂಜಾಗಿ ಮೇಲೇಳುತ್ತವೆ. ಅದರಲ್ಲಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಶ್ವಾಸಕೋಶದ ಕ್ಯಾನ್ಸರ್ ತರುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಖಚಿತವಾಗಿ ಹೇಳಿದೆ. ಅದಕ್ಕೂ ಮೊದಲು ಕೈಯಲ್ಲಿ ಆರದ ಹುಣ್ಣು, ಮೂಗಿನ ಎರಡು ಹೊಳ್ಳೆಗಳ ನಡುಗೋಡೆಯಲ್ಲಿ ತೂತು. ತಮಿಳುನಾಡಿನದೇ ರಾಣಿಪೇಟೆಯಲ್ಲಿ ಮುಚ್ಚಿಹೋದ ಕ್ರೋಮೇಟ್ ಕಾರ್ಖಾನೆಯೊಂದು ಬಿಟ್ಟುಹೋದ ಲಕ್ಷ ಟನ್ನಿಗೂ ಮೀರಿದ ಕಸದ ಗುಡ್ಡದಿಂದ ಅಂತರ್ಜಲ ಹಳದಿಯಾದ ಕಥೆ ದಶಕಗಳಿಂದ ಎಲ್ಲರಿಗೂ ಗೊತ್ತಿದೆ.

ಸವಾರನ ಮೀನಖಂಡದ ಬಿಸಿಗೆ ಇಷ್ಟು ಪರಿಭಾಷೆ ಕಟ್ಟಿದವರಲ್ಲಿ ಒಬ್ಬರೂ ಬನಿಯನ್ ತೊಟ್ಟು ತೊಟ್ಟಿಯ ಮೇಲೆ ಬಗ್ಗಿ ನಿಂತ ಹುಡುಗನ ಉಸಿರಿಗೊಂದು ಪದ ಹುಡುಕಲಿಲ್ಲ. ಚತುರ್ವಿಧ ತಾಪಗಳಲ್ಲಿ ಅವನದು ಎಲ್ಲೂ ಬರುವುದಿಲ್ಲ. ಇದಕ್ಕೆ ಅಣಕು ಬೇಕಿಲ್ಲ, ಸಿಟ್ಟು ಸಾಕು. ಪರಿಹಾರ ಯಾರಿಗೂ ಗೊತ್ತಿಲ್ಲದ್ದೇನಲ್ಲ: ತೊಟ್ಟಿಯ ಅಂಚಿನಲ್ಲೇ ಮಂಜನ್ನು ಎಳೆದುಕೊಳ್ಳುವ ಗಾಳಿಕೊಳವೆ, ಮಂಜು ಏಳದಂತೆ ತಡೆಯುವ ದ್ರಾವಣ, ಉದ್ದನೆಯ ಗವಸು, ಮುಖಕ್ಕೆ ರೆಸ್ಪಿರೇಟರ್. ಇವೆಲ್ಲ ಇರುವ ಶೆಡ್ಡುಗಳೂ ಇವೆ, ಅವರ ದರ ಒಂದಿಷ್ಟು ಹೆಚ್ಚು.

ಪೈಪು ಕ್ರೋಮ್ ಮಾಡಿಸಲು ಹೋಗುವ ಓದುಗರು ಮೊದಲು ಜೆಟ್ಟೂ ಟೈಮಿಂಗೂ ಸರಿಮಾಡಿಸಿಕೊಂಡು ಹೋಗಿ, ಎರಡನೆಯ ಸಲ ಹೋಗುವ ಪ್ರಮೇಯ ಬರದಿರಲಿ. ಶೆಡ್ಡಿನಲ್ಲಿ ದರ ಕೇಳುವ ಮುನ್ನ, ತೊಟ್ಟಿಗೆ ಎಕ್ಸಾಸ್ಟ್ ಇದೆಯೇ ಎಂದು ಕೇಳಿ. ಇಲ್ಲವೆಂದರೆ ಪೈಪು ವಾಪಸ್ ತನ್ನಿ.