ಮೂರನೇ ವರ್ಷದ ಕ್ಯಾಪ್ಟನ್

ಎನ್‌ಸಿಸಿ ನೌಕಾದಳ ಸೇರಿದ ಹುಡುಗನಿಂದ ಮೊದಲೆರಡು ವರ್ಷ ಮನೆಮಂದಿಗೆ ತೊಂದರೆಯಿಲ್ಲ. ಅವನಿಗೇ ಕಲಿಯುವುದು ಬೇಕಾದಷ್ಟಿರುತ್ತದೆ. ಮೂರನೇ ವರ್ಷ ಕಲಿಸಲು ಶುರುಮಾಡುತ್ತಾನೆ.

ನನ್ನ ಅಕ್ಕನ ಮಗ ಡಿಗ್ರಿಗೆಂದು ಹಾಸನದಿಂದ ಮಂಗಳೂರಿಗೆ, ಅಂದರೆ ನಮ್ಮ ಮನೆಗೆ ಬಂದವನು. ಹೇಮಾವತಿ ನಾಲೆ ಬಿಟ್ಟರೆ ಹೆಚ್ಚು ನೀರು ಕಂಡವನಲ್ಲ. ಕೆಡೆಟ್ ಕ್ಯಾಪ್ಟನ್ ಆದದ್ದೇ ತಡ, ಅಡುಗೆಮನೆ ಗ್ಯಾಲಿಯಾಯಿತು, ಜಗಲಿ ಡೆಕ್ ಆಯಿತು. ಆಟೋದವನಿಗೆ ಬಲಕ್ಕೆ ಅನ್ನುವ ಬದಲು ‘ಸ್ಟಾರ್‌ಬೋರ್ಡಿಗೆ ತಗೊಳ್ಳಿ’ ಅಂದ. ‘ಆ ಅಂಗಡಿ ಎಲ್ಲಿ ಬರ್ತದೆ ಮಾರಾಯ್ರೆ?’ ಎಂದು ಅವನು ಕೇಳಿದ. ಕಾರವಾರದಲ್ಲಿ ಚಪಲ್ ಯುದ್ಧನೌಕೆ ನೋಡಲು ಹೋದಾಗ, 1971ರ ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ಎಂಬ ಕ್ಷಿಪಣಿ ದೋಣಿಗಳು ಕರಾಚಿಗೆ ನುಗ್ಗಿದ ಕಥೆಯನ್ನು ಕೈಬೀಸಿ ಬೀಸಿ ಹೇಳಿದ. ಯಾರೋ ಹಿರಿಯರು ಗೈಡ್ ಅಂದುಕೊಂಡು ಇಪ್ಪತ್ತು ರೂಪಾಯಿ ಕೊಟ್ಟರು. ಇಸಕೊಂಡ.

ಇದನ್ನೆಲ್ಲ ಹೇಗೋ ತಡೆದುಕೊಳ್ಳಬಹುದು. ತಡೆಯಲಾಗದ್ದು ಹಗ್ಗದ ಕಾಟ. ‘ಸಿ’ ಸರ್ಟಿಫಿಕೇಟ್ ಪರೀಕ್ಷೆಗೆ ಗಂಟು ಹಾಕಲು ಬರಬೇಕಂತೆ. ಬಟ್ಟೆ ಒಣಹಾಕುವ ಹಗ್ಗಕ್ಕೆ ಕ್ಲೋವ್ ಹಿಚ್ ಬಿತ್ತು, ಹಳೆ ಪೇಪರಿನ ಕಟ್ಟಿಗೆ ರೀಫ್ ನಾಟ್. ಒಂದು ಬೆಳಿಗ್ಗೆ ನನ್ನ ಪೈಜಾಮ ಕಾಣದೆ ಹುಡುಕಿದರೆ ಬಾವಿಕಟ್ಟೆಯ ಮೇಲಿತ್ತು. ದಪ್ಪ ಹಗ್ಗಕ್ಕೆ ಸಣ್ಣದನ್ನು ಸೇರಿಸಲು ಶೀಟ್ ಬೆಂಡೇ ಸರಿ ಎಂದು ಲಾಡಿಯನ್ನು ಬಾವಿಹಗ್ಗಕ್ಕೆ ಬಿಗಿದಿದ್ದ. ಬಿಚ್ಚೋ ಅಂದರೆ, ‘ಮೊದಲು ಹೇಗಿದೆ ನೋಡಿ ಮಾವ!’

ಕೊಡಪಾನಕ್ಕೆ ಹಾಕಿದ್ದು ಬೋಲೈನ್. ಮೊಲ ಬಿಲದಿಂದ ಹೊರಬಂದು, ಮರ ಸುತ್ತಿ, ಮತ್ತೆ ಬಿಲ ಹೊಗುತ್ತದೆ ಎಂದು ನನ್ನ ಹೆಂಡತಿಗೆ ಹಗ್ಗದ ತುದಿ ಹಿಡಿದು ಪಾಠ. ‘ನಿನ್ನ ಮೊಲ ಮರ ಸುತ್ತುವಷ್ಟರಲ್ಲಿ ಅನ್ನ ಸೀದುಹೋಯ್ತು’ ಎಂದು ಅವಳು ಎದ್ದು ಹೋದಳು. ಒಂದು ಮಾತು ಹೇಳಲೇಬೇಕು: ನಾನು ಕಟ್ಟಿದ ಕೊಡಪಾನ ವರ್ಷಕ್ಕೊಮ್ಮೆಯಾದರೂ ಬಾವಿಗೆ ಬಿದ್ದು ಪಾತಾಳಗರಡಿ ಹುಡುಕಿಸುತ್ತಿತ್ತು. ಅವನು ಕಟ್ಟಿದ್ದು ಒಮ್ಮೆಯೂ ಬಿದ್ದಿಲ್ಲ. ಇಷ್ಟು ಕಾಲ ಕಡಲೂರಿನಲ್ಲಿದ್ದೂ ಮೊಣಕಾಲಿನಾಚೆ ನೀರಿಗಿಳಿಯದ ನಾನು ಏನು ಹೇಳಲಿ?

ಪರೀಕ್ಷೆ ಮುಗಿಯಿತು. ಸಮವಸ್ತ್ರ ಸ್ಟೋರಿಗೆ ವಾಪಸ್ ಕೊಡಬೇಕಿತ್ತು. ಹಿಂದಿನ ರಾತ್ರಿ ನೋಡಿದರೆ ಬಿಳಿ ಶರ್ಟಿಗೆ ನೀಲಿ ಹಾಕಿ, ಗಂಜಿ ಕೊಟ್ಟು, ಇಸ್ತ್ರಿ ಮಾಡುತ್ತ ನಿಂತಿದ್ದಾನೆ.

‘ಕೊಟ್ಟುಬಿಡೋದಕ್ಕೆ ಇಷ್ಟೊಂದು ಯಾಕೋ?’

‘ಮುಂದೆ ಹಾಕೋ ಜೂನಿಯರ್‌ಗೆ ಮಾವ.’

ಅಪ್ಪನಿಗೆ ಅವನು ಬ್ಯಾಂಕ್ ಪರೀಕ್ಷೆ ಕಟ್ಟಬೇಕೆಂದಿದೆ. ಇವನ ತಲೆಯಲ್ಲಿರುವುದು ನೌಕಾಪಡೆಯ ಎಸ್‌ಎಸ್‌ಬಿ, ಐದು ದಿನದ ಸಂದರ್ಶನ. ಪಾಸಾಗಲಿ ಎಂದು ಕದ್ರಿ ಮಂಜುನಾಥನಿಗೆ ನಾನೂ ಹೇಳಿಕೊಂಡಿದ್ದೇನೆ. ಹಡಗಿನಲ್ಲಾದರೆ ಬೇಕಾದಷ್ಟು ಹಗ್ಗವಿರುತ್ತದಲ್ಲ.

ಜೂನ್‌ನಲ್ಲಿ ಅವನ ತಂಗಿ ಡಿಗ್ರಿಗೆ ನಮ್ಮಲ್ಲಿಗೇ ಬರುತ್ತಿದ್ದಾಳೆ. ಮೊನ್ನೆ ಫೋನ್ ಮಾಡಿ ಕೇಳಿದಳು: ‘ಮಾವ, ಹಗ್ಗ ಇಲ್ಲಿಂದಲೇ ತರಲಾ, ಅಲ್ಲೇ ಇದೆಯಾ?’