ಚಕ್ರವಿಲ್ಲದ ಕುರ್ಚಿಯ ಸಂದರ್ಶನ

ಬೆಂಗಳೂರಿನ ಹೊರವರ್ತುಲ ರಸ್ತೆ, ಟೆಕ್ ಪಾರ್ಕೊಂದರ ಎಚ್‌ಆರ್ ಕೋಣೆ. ಅಭ್ಯರ್ಥಿಗಳನ್ನು ಕೂರಿಸುವ ಕುರ್ಚಿ ಮಾತಿಗೆ ಸಿಕ್ಕಿತು. 'ಬೇಗ ಕೇಳಿ, ಒಬ್ಬನನ್ನ ಈಗಷ್ಟೇ "ತಿಳಿಸ್ತೀವಿ" ಅಂತ ಕಳಿಸಿದಾರೆ' ಎಂದಿತು.

ನಾನು: ಎಷ್ಟೋ ಜನರನ್ನ ಕೂರಿಸಿಕೊಂಡವರು ನೀವು. ಅವರೆಲ್ಲ ಯಾವ ಬಸ್ಸಲ್ಲಿ ಬರ್ತಾರೆ?

ಕುರ್ಚಿ: ಬಸ್ಸು ಗಿಸ್ಸು ನನಗೆ ಗೊತ್ತಿಲ್ಲ. ಎದುರಿಗಿರೋನನ್ನ ನೋಡಿ. ಚಕ್ರ, ಕೈ, ಬೆನ್ನಿಗೆ ಜಾಲರಿ! ನನಗೆ ನಾಲ್ಕೇ ಕಾಲು, ಅದರಲ್ಲೂ ಒಂದು ಗಿಡ್ಡ. ಕೂತವರು ಅಲ್ಲಾಡಿದರೆ 'ಆತ್ಮವಿಶ್ವಾಸ ಸಾಲದು' ಅಂತ ಬರ್ಕೋತಾರೆ. ಅಲ್ಲಾಡಿದ್ದು ನಾನು ಕಣ್ರೀ!

ನಾನು: ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ 500ಡಿ ಇದೆ, ಸರಿ. ಇಳಿದ ಮೇಲೆ? ಸ್ಟಾಪಿನಿಂದ ಗೇಟು, ಗೇಟಿನಿಂದ ಬ್ಲಾಕು, ಬಿಸಿಲಲ್ಲಿ ಇಸ್ತ್ರಿ ಶರ್ಟಿನ ಗತಿ ಏನು? ಅದರ ಮೇಲೆ 2025ರ ಜನವರಿಯಲ್ಲಿ ಬಿಎಂಟಿಸಿ ದರ ಶೇ. 15ರಷ್ಟು ಏರಿಸಿದರು...

ಕುರ್ಚಿ: ಟಿಕೆಟ್ಟಾದರೂ ಏರಿತಲ್ಲ. ದೊಡ್ಡ ಕಂಪನಿಗಳಲ್ಲಿ ಫ್ರೆಶರ್ ಸಂಬಳ ಹತ್ತು ವರ್ಷಕ್ಕೂ ಮೀರಿ ಮೂರು, ಮೂರೂವರೆ ಲಕ್ಷದ ಆಸುಪಾಸಲ್ಲೇ ಕೂತಿದೆ. ಅದಕ್ಕೂ ಚಕ್ರ ಇಲ್ಲ.

ನಾನು: ಇರೋ ಕಂಪನಿ ಬಿಡೋಕೆ 90 ದಿನ ನೋಟಿಸು. ಸೇರಿಸಿಕೊಳ್ಳೋರಿಗೆ ಮಾತ್ರ ನಾಳೆಯೇ ಬರಬೇಕು. ಇದಕ್ಕೇನಂತೀರಿ?

ಕುರ್ಚಿ: ಅದು ಬಿಡಿ. ಆಪ್ಟಿಟ್ಯೂಡು, ಕೋಡಿಂಗು, ಟೆಕ್ನಿಕಲ್ಲು, ಮ್ಯಾನೇಜರು, ಎಲ್ಲ ದಾಟಿ ಇಲ್ಲಿಗೆ ಬಂದರೂ ಮೊದಲ ಪ್ರಶ್ನೆ 'ನಿಮ್ಮ ಬಗ್ಗೆ ಹೇಳಿ'. ರೆಸ್ಯೂಮೆ ಬಿಚ್ಚೋದೇ ಆವಾಗ. ಬಿಚ್ಚಿಕೊಂಡು ಆ ಕಡೆ ಒಂದು ಸುತ್ತು, ಈ ಕಡೆ ಒಂದು ಸುತ್ತು. ಚಕ್ರ ಇದೆಯಲ್ಲ!

ನಾನು: ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಇರೋದರಿಂದ ಇಷ್ಟೆಲ್ಲ ಸುತ್ತು ಓಡಾಡೋದು...

ಕುರ್ಚಿ: ಬಸ್ಸು ಸಾಕು ಮಾಡಿ ಸ್ವಾಮಿ! ಮೊನ್ನೆ ಒಬ್ಬ ಹುಡುಗ ಕೂತಿದ್ದ. 'ಎರಡು ವರ್ಷ ಗ್ಯಾಪ್ ಯಾಕೆ?' ಅಂದರು. 2022ರಲ್ಲಿ ಇಂಥದ್ದೇ ಒಂದು ಕಂಪನಿ ಆಫರ್ ಲೆಟರ್ ಕೊಟ್ಟಿತ್ತು, ಸೇರೋ ದಿನಾಂಕ ಕೊಡಲಿಲ್ಲ. ಕಾದದ್ದೇ ಆ ಗ್ಯಾಪು. ಅವನು ತಲೆ ತಗ್ಗಿಸಿ ಕೂತ. ತಗ್ಗಿಸಬೇಕಾದ್ದು ಯಾರು?

ನಾನು ಬಸ್ಸಿನಿಂದ ಇಳಿದೆ. ಕುರ್ಚಿ ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇಲ್ಲ. 2023ರ ಫೆಬ್ರುವರಿಯಲ್ಲಿ ವಿಪ್ರೊ, 6.5 ಲಕ್ಷಕ್ಕೆ ಆಯ್ಕೆ ಮಾಡಿ ಕಾಯಿಸಿದ್ದ ಹುಡುಗರನ್ನು 3.5 ಲಕ್ಷಕ್ಕೆ ಬರ್ತೀರಾ ಎಂದು ಕೇಳಿತು. 2025ರ ಫೆಬ್ರುವರಿಯಲ್ಲಿ ಇನ್ಫೊಸಿಸ್ ಮೈಸೂರು ಕ್ಯಾಂಪಸ್ಸಿನಿಂದ 300ಕ್ಕೂ ಹೆಚ್ಚು ಟ್ರೈನಿಗಳನ್ನು ಮನೆಗೆ ಕಳಿಸಿತು. ಮೂರು ಸಲ ಅವಕಾಶ ಕೊಟ್ಟರೂ ಪರೀಕ್ಷೆ ಪಾಸಾಗಲಿಲ್ಲ ಎಂದು ಕಾರಣ ಕೊಟ್ಟಿತು. ಅವರಲ್ಲಿ 2022ರ ಆಫರ್ ಹಿಡಿದು ಎರಡು ವರ್ಷಕ್ಕೂ ಹೆಚ್ಚು ಕಾದವರಿದ್ದರು. ಸಾಲ ಮಾಡಿ ಎಂಜಿನಿಯರಿಂಗ್ ಓದಿಸಿದ ಮನೆಯಲ್ಲಿ ಆ ಎರಡು ವರ್ಷ ಬ್ಯಾಂಕಿನವರು ಸುಮ್ಮನಿರುತ್ತಾರೆಯೇ?

ಎಚ್‌ಆರ್ ಮಹಾಶಯರೇ, ಗೇಟಿನಿಂದ ಬ್ಲಾಕಿಗೆ ಒಂದು ವ್ಯಾನು ಬಿಡಿ. ಕೆಲಸ ಕೊಡುವುದಿಲ್ಲವಾದರೆ ಆ ವಾರವೇ ಒಂದು ಸಾಲು ಮೇಲ್ ಹಾಕಿ. ಕೊಡುತ್ತೇವೆಂದು ಬರೆದುಕೊಟ್ಟ ಮೇಲೂ ಕಾಯಿಸುವುದಾದರೆ, ಕಾಯಿಸಿದಷ್ಟು ತಿಂಗಳ ಸಂಬಳ ಕೊಡಿ.